ಹಡಗಿನಲ್ಲಿ ಒಂದು ಹೊಸ್ತಿಲು

ಯಾರನ್ನೂ ಹೆದರಿಸಲು ಇದನ್ನು ಬರೆಯುತ್ತಿಲ್ಲ. ಹೆದರಿಸುವ ಕಥೆ ಕಟ್ಟುವಷ್ಟು ಬುದ್ಧಿಯೂ ನನಗಿಲ್ಲ. ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು ನಾನು. ಇದು ನನಗೇ ನಡೆದದ್ದು. ನನ್ನ ಜೊತೆ ಇನ್ನೊಬ್ಬರೂ ಕೇಳಿಸಿಕೊಂಡದ್ದು.

ಆ ದಿನ ಎಲ್ಲಾ ದಿನದ ಹಾಗೇ ಇತ್ತು. ಹಡಗಿನ ಊಟದ ಕೋಣೆಯಲ್ಲಿ ನನ್ನ ಹೆಂಡತಿ ಸರೋಜ ಮೊಸರಿನ ಬಟ್ಟಲು ಮೂಸಿ ನೋಡಿ, "ರೀ, ಇದು ಸಿಹಿ. ಮೊಸರಿಗೆ ಯಾರಾದರೂ ಸಕ್ಕರೆ ಹಾಕ್ತಾರಾ?" ಎಂದಳು. ಮಧ್ಯಾಹ್ನ ಮೇಲಿನ ಅಂತಸ್ತಿನಲ್ಲಿ ಕುಳಿತು ಸಮುದ್ರ ನೋಡಿದಳು. "ಎಷ್ಟೊಂದು ನೀರು! ಒಂದು ಬಿಂದಿಗೆ ಕುಡಿಯೋ ಹಾಗಿಲ್ಲ. ನಮ್ಮ ಹೇಮಾವತೀನೇ ವಾಸಿ" ಎಂದಳು. ರಾತ್ರಿ ಸೀಗೆಪುಡಿಯಲ್ಲಿ ತೊಳೆದ ಕೂದಲನ್ನು ಕೈಯಿಂದ ಬಿಡಿಸುತ್ತಾ ಮಲಗಿದಳು.

ಬೆಳಿಗ್ಗೆ ಏಳಲಿಲ್ಲ.

ಹಡಗಿನ ಡಾಕ್ಟರು ಹೃದಯ ಎಂದರು. ನಿದ್ದೆಯಲ್ಲೇ ಹೋಗಿದ್ದಾರೆ, ನೋವು ಗೊತ್ತಾಗಿರುವುದಿಲ್ಲ ಎಂದರು. ಆಫ್ರಿಕಾ ಕಡೆಯ ದ್ವೀಪಗಳನ್ನು ನೋಡಿಕೊಂಡು ಮುಂಬೈಗೆ ಮರಳುವ ಮೂರು ವಾರದ ಪ್ರವಾಸ ಅದು. ಸುತ್ತ ಎಲ್ಲೂ ನೆಲವಿರಲಿಲ್ಲ. ಬಂದರು ಸಿಗುವವರೆಗೆ ಅವಳನ್ನು ಕೆಳಗಿನ ತಣ್ಣನೆಯ ಕೋಣೆಯಲ್ಲಿ ಇಡಬೇಕಾಯಿತು. ಉಟ್ಟ ಸೀರೆಯಲ್ಲೇ, ಹಸಿರು ಗಾಜಿನ ಬಳೆಗಳ ಜೊತೆಗೇ ಕಳಿಸಿದೆ.

ಮುಂದಿನದು ತಿಳಿಯಬೇಕಾದರೆ ಆ ಹಡಗು ಹೇಗಿತ್ತು ಎಂದು ಹೇಳಬೇಕು.

ನಮ್ಮನ್ನು ಹೊರಡಿಸಿದವರು ಬಾಗೂರಿನ ಪುಟ್ಟಸ್ವಾಮಣ್ಣ. ತೆಂಗಿನಕಾಯಿ ವ್ಯಾಪಾರ, ದೊಡ್ಡ ನಗು, ನನ್ನ ಹಳೆಯ ಸ್ನೇಹ. "ಬನ್ನಿ ಮೇಷ್ಟ್ರೆ, ಅದೇನ್ ಅಡಗೋ ನೋಡ್ಕಂಡು ಬರಾಣ. ಸತ್ತ್ ಮ್ಯಾಲೆ ಹೆಂಗಿದ್ರೂ ವೈತರಣಿ ದಾಟ್ಬೇಕು, ಈಗ್ಲೇ ರೂಢಿ ಮಾಡ್ಕಳಾಣ" ಎಂದಿದ್ದರು. ಗುಮಾಸ್ತನಾದರೂ ಊರವರಿಗೆಲ್ಲ ನಾನು ಮೇಷ್ಟ್ರು. ಆ ಮಾತಿಗೆ ಅವರ ಹೆಂಡತಿ ಜಯಮ್ಮ, "ಬಾಯಿ ಮುಚ್ಕಳಿ ಅತ್ಲಾಗೆ" ಎಂದು ಗದರಿದ್ದರು. ನಾಲ್ವರೂ ಜೊತೆಯಾಗಿ ಹೊರಟೆವು.

ದೊಡ್ಡ ಹಡಗಿನಲ್ಲಿ ಸಮುದ್ರ ಕಾಣುವುದೇ ಕಡಿಮೆ. ಹೆಚ್ಚು ಹೊತ್ತು ಕಾಣುವುದು ಓಣಿ. ಕೊನೆ ಕಾಣದಷ್ಟು ಉದ್ದದ ಓಣಿ, ಹಳದಿ ದೀಪ, ನೀಲಿ ಕಾರ್ಪೆಟ್ಟು, ಎರಡೂ ಕಡೆ ಒಂದೇ ತರಹದ ಬಾಗಿಲುಗಳು. ನಮ್ಮ ಕೋಣೆಗೆ ಕಿಟಕಿ ಇರಲಿಲ್ಲ. ದೀಪ ಆರಿಸಿದರೆ ಬಾವಿಯೊಳಗೆ ಮಲಗಿದ ಹಾಗೆ. ಎಲ್ಲೋ ಆಳದಲ್ಲಿ ಇಂಜಿನ್ನಿನ ಗುಂಯ್ ಎನ್ನುವ ಸದ್ದು. ಹಡಗು ಮೆಲ್ಲಗೆ ತೂಗುವುದರಿಂದ ಓಣಿಯ ಗೋಡೆಗೆ ಮರದ ಹಿಡಿಕೆ ಹಾಕಿದ್ದರು. ಅದನ್ನು ಹಿಡಿದುಕೊಂಡು ನಡೆಯಬೇಕು. ಪ್ರತಿ ಬಾಗಿಲಿನ ಹತ್ತಿರ ಹಿಡಿಕೆ ನಿಂತು, ಬಾಗಿಲು ದಾಟಿದ ಮೇಲೆ ಮತ್ತೆ ಶುರುವಾಗುತ್ತದೆ.

ಸರೋಜಳಿಗೆ ಒಂದು ಕಣ್ಣು ಮಂಜು. ಬಾಗಿಲಿನ ಮೇಲಿನ ಸಣ್ಣ ಹಿತ್ತಾಳೆ ನಂಬರು ಕಾಣುತ್ತಿರಲಿಲ್ಲ. ಮೊದಲ ದಿನವೇ ದಾರಿ ತಪ್ಪಿ ಯಾರದೋ ಬಾಗಿಲು ತಟ್ಟಿದಳು. ಬನಿಯನ್ ಹಾಕಿದ ಬಿಳಿ ಮುದುಕನೊಬ್ಬ ಹೊರಗೆ ಬಂದು ಕೈಮುಗಿದನಂತೆ. ಅವಳು ಸೀರೆಯ ಸೆರಗು ಬಾಯಿಗೆ ಹಿಡಿದು ನಗುತ್ತಾ ಓಡಿ ಬಂದಳು.

ಮರುದಿನ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಬಾಗಿಲಲ್ಲಿ ಕುಳಿತಿದ್ದಳು. ಕೋಣೆಗೂ ಓಣಿಗೂ ನಡುವೆ ಒಂದು ಗೇಣು ಅಗಲದ ಕಪ್ಪು ಕಬ್ಬಿಣದ ಪಟ್ಟಿ ಇತ್ತು. ಅದರ ಮೇಲೆ ಅಕ್ಕಿಹಿಟ್ಟಿನಲ್ಲಿ ರಂಗೋಲಿ ಇಡುತ್ತಿದ್ದಳು. ಐದು ಚುಕ್ಕಿ, ಅದರ ಸುತ್ತ ಬಳಸಿ ಬರುವ ಒಂದೇ ಎಳೆ. ಮನೆ ಮುಂದೆ ದಿನಾ ಇಡುತ್ತಿದ್ದುದು ಅದನ್ನೇ. ಹಿಟ್ಟಿನ ಪುಟ್ಟ ಸ್ಟೀಲ್ ಡಬ್ಬಿಯನ್ನು ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ ಕಟ್ಟಿಕೊಂಡು ಬಂದಿದ್ದಳಂತೆ.

"ಹಡಗಿನವರು ಬೈತಾರೆ ಕಣೇ."

"ಬೈಲಿ. ಹೊಸ್ತಿಲು ಇದ್ದ ಮೇಲೆ ಮನೆ ತಾನೇ? ಇನ್ನು ನನ್ನ ಬಾಗಿಲು ನನಗೆ ಸಿಗತ್ತೆ." ಕೊನೆಯ ಸುತ್ತನ್ನು ನಿಧಾನವಾಗಿ ಮೊದಲಿನ ತುದಿಗೆ ಸೇರಿಸಿದಳು. "ಎಳೆ ಕೂಡಬೇಕು ರೀ. ಬಿಟ್ಟರೆ ಬಾಗಿಲು ಹಾಕದೇ ಹೋದ ಹಾಗೆ."

ಕೋಣೆ ಗುಡಿಸುವವರು ನಡುವಯಸ್ಸಿನ ಮಲಯಾಳಿ, ಥಾಮಸ್ ಎಂದು. ಬೆಂಗಳೂರಿನ ಹೋಟೆಲಿನಲ್ಲಿ ಇದ್ದವರು, ಹರಕು ಮುರುಕು ಕನ್ನಡ ಬರುತ್ತಿತ್ತು. ಮೊದಲ ದಿನ ಒರೆಸಿಬಿಟ್ಟರು. ಸರೋಜ ಮತ್ತೆ ಇಟ್ಟಳು. ಆಮೇಲೆ ಅವರು ಅದನ್ನು ದಾಟಿಕೊಂಡೇ ಓಡಾಡಿದರು. ಬಿಳಿ ಟವೆಲ್ಲನ್ನು ಆನೆಯ ಹಾಗೆ ಮಡಿಸಿ ಮಂಚದ ಮೇಲೆ ಇಡುವುದು ಅವರ ಕ್ರಮ. ಸರೋಜ ಆ ಆನೆಗೆ ಕುಂಕುಮ ಹಚ್ಚಿ, "ಗಣಪ್ಪ, ಈ ದೋಣಿ ನೋಡ್ಕೋಪ್ಪ" ಎಂದಿದ್ದಳು.

ಅವಳು ಹೋದ ದಿನ ಹೊಸ್ತಿಲಿನ ರಂಗೋಲಿಯನ್ನು ನಾನೇ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಸೂತಕದ ಮನೆ ಮುಂದೆ ರಂಗೋಲಿ ಇರಬಾರದು. ನಮ್ಮಲ್ಲಿ ಹಾಗೆ.

ಆ ರಾತ್ರಿ...

ನಿದ್ದೆ ಇರಲಿಲ್ಲ. ಕತ್ತಲಲ್ಲಿ ಅವಳ ದಿಂಬಿನ ಮೇಲೆ ಕೈಯಿಟ್ಟು ಮಲಗಿದ್ದೆ. ಓಣಿಯ ದೂರದ ತುದಿಯಿಂದ ಸದ್ದು ಬಂತು.

ಟಿಕ್... ಟಿಕ್... ಟಿಕ್...

ಗಾಜು ಮರಕ್ಕೆ ತಾಗುವ ಸದ್ದು. ಹಿಡಿಕೆ ಹಿಡಿದು ನಡೆಯುವ ಕೈಯ ಬಳೆ.

ಸದ್ದು ನಿಂತಿತು. ಯಾರೋ ಒಂದು ಬಾಗಿಲ ಮುಂದೆ ಬಗ್ಗಿ ನೋಡುವಷ್ಟು ಹೊತ್ತು... ಮತ್ತೆ ಟಿಕ್, ಟಿಕ್. ಮತ್ತೆ ನಿಂತಿತು. ಬಾಗಿಲಿಂದ ಬಾಗಿಲಿಗೆ ಹತ್ತಿರ ಬಂತು. ನಮ್ಮ ಬಾಗಿಲ ಮುಂದೆಯೂ ನಿಂತಿತು.

ಆಮೇಲೆ ಮುಂದೆ ಹೋಯಿತು.

ಎದ್ದು ಬಾಗಿಲು ತೆಗೆದೆ. ಉದ್ದಕ್ಕೂ ಹಳದಿ ದೀಪ, ನೀಲಿ ಕಾರ್ಪೆಟ್ಟು. ಯಾರೂ ಇರಲಿಲ್ಲ. ಸೀಗೆಪುಡಿಯ ವಾಸನೆ ಮಾತ್ರ, ಈಗ ತಾನೇ ಯಾರೋ ಒದ್ದೆ ತಲೆಯಲ್ಲಿ ಹಾದು ಹೋದ ಹಾಗೆ.

ದುಃಖದಲ್ಲಿ ಕಿವಿ ಏನೇನೋ ಕೇಳುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಮರುರಾತ್ರಿ ನನ್ನೊಬ್ಬನನ್ನೇ ಬಿಡಬಾರದೆಂದು ಪುಟ್ಟಸ್ವಾಮಣ್ಣ ನಮ್ಮ ಕೋಣೆಯಲ್ಲೇ ಮಲಗಿದರು. ದಿಂಬಿಗೆ ತಲೆ ಕೊಟ್ಟ ಕೂಡಲೇ ಗೊರಕೆ. ಇಂಜಿನ್ನಿಗಿಂತ ಜೋರು. ಆ ಗೊರಕೆಯ ನಡುವೆ ಮತ್ತೆ ಬಂತು.

ಟಿಕ್... ಟಿಕ್...

ಗೊರಕೆ ನಿಂತಿತು.

"ಮೇಷ್ಟ್ರೆ..." ಪಿಸುಮಾತು. "ಯಾರೋ ನಡೀತಾವ್ರೆ."

"ಕೇಳಿಸ್ತಾ?"

"ಊಂ. ಬಳೆ ಕಣ್ರೀ ಅದು..."

ಇಬ್ಬರೂ ಕೇಳಿದೆವು. ಈ ಸಲ ಸದ್ದು ಹೋಯಿತು, ತಿರುಗಿ ಬಂತು, ಮತ್ತೆ ಹೋಯಿತು. ನಡಿಗೆ ನಿಧಾನವಾಗಿತ್ತು. ದಣಿದವರ ನಡಿಗೆ. ಪುಟ್ಟಸ್ವಾಮಣ್ಣ ನನ್ನ ಕೈ ಹಿಡಿದುಕೊಂಡರು.

ಬೆಳಿಗ್ಗೆ ಕಾಫಿ ಮುಂದೆ ಇಟ್ಟುಕೊಂಡು ಜಯಮ್ಮನಿಗೆ ಹೇಳಿದೆವು. ಅವರು ಅಳಲಿಲ್ಲ, ಹೆದರಲೂ ಇಲ್ಲ. "ಏನ್ ಹುಡುಕ್ತಾವ್ರೆ ಅಕ್ಕ?" ಎಂದು ಕೇಳಿದರು.

ಆ ಪ್ರಶ್ನೆಗೆ ಉತ್ತರ ನನ್ನ ಬಾಯಿಂದ ತಾನಾಗಿ ಬಂತು. "ರಂಗೋಲಿ. ನಾನು ಒರೆಸಿಬಿಟ್ಟೆ. ಅವಳಿಗೆ ಬಾಗಿಲು ಸಿಕ್ತಾ ಇಲ್ಲ."

ಪುಟ್ಟಸ್ವಾಮಣ್ಣ ಹೆಂಡತಿಯ ಮುಖ ನೋಡಿದರು. ನಾನೇ ಮುಂದುವರಿಸಿದೆ.

"ಆದರೆ ಸೂತಕದಲ್ಲಿ ಇಡೋ ಹಾಗಿಲ್ಲ ಜಯಮ್ಮ."

"ಇಲ್ಲ, ಇಡೋ ಅಂಗಿಲ್ಲ" ಎಂದರು. ಲೋಟ ಕೆಳಗಿಟ್ಟರು. "ಆದ್ರೆ ಸಾಮಿ, ಆ ಸಾಸ್ತ್ರ ಮಾಡ್ದೋರು ಅಡಗಲ್ಲಿ ಓಗಿದ್ರಾ? ಇಂತಾ ಓಣಿ ನೋಡಿದ್ರಾ? ಅಕ್ಕ ರಾತ್ರಿಯೆಲ್ಲ ತಿರುಗ್ತಾವ್ರೆ. ಇಡಿ ನೀವು. ಪಾಪ ಬಂದ್ರೆ ನಂಗಿರ್ಲಿ."

"ನೀನೇ ಇಡಮ್ಮೀ" ಎಂದರು ಪುಟ್ಟಸ್ವಾಮಣ್ಣ.

"ನಂಗೆ ಬರೋದು ನಮ್ ಮನೇದು. ನಾನಿಟ್ರೆ ಅಕ್ಕ ನಮ್ ಬಾಗ್ಲು ಅಂದ್ಕಂಡು ಮುಂದಕ್ಕೋಯ್ತಾರೆ ಅಷ್ಟೇಯ. ಮೇಷ್ಟ್ರೇ ಇಡ್ಲಿ."

ಡಬ್ಬಿ ಹುಡುಕಿದೆವು. ಉಪ್ಪಿನಕಾಯಿ ಭರಣಿ ಇತ್ತು, ಅದರ ಪಕ್ಕ ಡಬ್ಬಿ ಇರಲಿಲ್ಲ. ಜಯಮ್ಮ ಪೆಟ್ಟಿಗೆಗಳನ್ನೆಲ್ಲ ಬರಿದು ಮಾಡಿದರು, ಹಾಸಿಗೆ ಎತ್ತಿದರು, ಮಂಚದ ಕೆಳಗೆ ಕೈಯಾಡಿಸಿದರು. ಇಲ್ಲ. ಥಾಮಸ್ ಬಂದು ಕಪಾಟು ಎಳೆದು ಹಿಂದೆ ನೋಡಿದರು. ಅಲ್ಲಿಯೂ ಇಲ್ಲ.

ಕೊನೆಗೆ ನನ್ನ ಪೌಡರ್ ಡಬ್ಬದಿಂದ ಪೌಡರು ಅಂಗೈಗೆ ಸುರಿದುಕೊಂಡು ಸಂಜೆ ಹೊಸ್ತಿಲಲ್ಲಿ ಕುಳಿತೆ. ಕುಣಿತಕ್ಕೆ ಹೊರಟ ಗಂಡಸರು ಹೆಂಗಸರು ಸೆಂಟು ಹಾಕಿಕೊಂಡು, ನನ್ನನ್ನು ಬಳಸಿ ದಾಟಿ ಹೋದರು. ಒಬ್ಬಾಕೆ ನಿಂತು ನೋಡಿ ಏನೋ ಕೇಳಿದಳು.

ಮದುವೆಯಾದಂದಿನಿಂದ ದಿನಾ ದಾಟಿದ ರಂಗೋಲಿ ಅದು. ಕಣ್ಣು ಮುಚ್ಚಿದರೆ ಕಾಣುತ್ತಿತ್ತು. ಕೈಗೆ ಬರಲಿಲ್ಲ. ಚುಕ್ಕಿ ಇಟ್ಟೆ. ಎಳೆ ಬಳಸಿದೆ. ಕೊನೆಯ ಸುತ್ತು ಎಲ್ಲಿ ತಿರುಗಬೇಕೋ ತಿಳಿಯದೆ ತುದಿ ಹೊರಗೇ ಉಳಿಯಿತು. ಅಳಿಸಿ ಅಳಿಸಿ ಮತ್ತೆ ಇಟ್ಟರೂ ಕೂಡಲಿಲ್ಲ. ಹಾಗೇ ಬಿಟ್ಟೆ.

ರಾತ್ರಿ ದೀಪ ಆರಿಸಿ, ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಒಬ್ಬನೇ ಕುಳಿತೆ. ಹೆದರಿಕೆ ಇತ್ತು. ಸುಳ್ಳು ಹೇಳುವುದಿಲ್ಲ. ಆದರೆ ಅವಳು ಬರದೇ ಹೋದರೆ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು.

ಟಿಕ್... ಟಿಕ್... ಟಿಕ್...

ಬಾಗಿಲು... ಮತ್ತೊಂದು ಬಾಗಿಲು... ನಮ್ಮ ಪಕ್ಕದ ಬಾಗಿಲು...

ನಮ್ಮ ಬಾಗಿಲಲ್ಲಿ ನಿಂತಿತು. ಮುಂದೆ ಹೋಗಲಿಲ್ಲ.

ಬಾಗಿಲ ಸಂದಿಯಿಂದ ತಣ್ಣನೆಯ ಗಾಳಿ ನನ್ನ ಪಾದಕ್ಕೆ ತಾಗಿತು. ಸೀಗೆಪುಡಿಯ ವಾಸನೆ. ಬಳೆಗಳು ಒಂದಕ್ಕೊಂದು ತಾಗುವ ಸಣ್ಣ ಸದ್ದು, ನೆಲದ ಮಟ್ಟದಲ್ಲಿ. ಕುಳಿತು ಏನೋ ಮಾಡುವವರ ಕೈಯಿಂದ ಬರುವಂಥದ್ದು.

"ಬಾ ಸರೋಜ" ಎಂದೆ. "ಇದೇ ಬಾಗಿಲು."

ತೆಗೆದೆ. ಯಾರೂ ಇರಲಿಲ್ಲ. ದೀಪ ಮಂಕಾಗಿತ್ತು, ಕಣ್ಣಲ್ಲಿ ನೀರಿತ್ತು, ಕೆಳಗೆ ನೋಡಲಿಲ್ಲ. ಬಾಗಿಲು ತೆರೆದೇ ಇಟ್ಟು ಬೆಳಗಿನವರೆಗೆ ಕುಳಿತೆ. ಆಮೇಲೆ ಸದ್ದು ಬರಲಿಲ್ಲ.

ಬೆಳಿಗ್ಗೆ ಥಾಮಸ್ ಬಂದವರು ಹೊಸ್ತಿಲ ಹತ್ತಿರ ನಿಂತುಬಿಟ್ಟರು. ನಾನೂ ನೋಡಿದೆ. ಹೊರಗೆ ಉಳಿದಿದ್ದ ತುದಿ ಸುತ್ತಿ ಬಂದು ಮೊದಲಿನ ಎಳೆಗೆ ಸೇರಿತ್ತು. ಅಷ್ಟು ಭಾಗ ಮಾತ್ರ ತೆಳ್ಳಗೆ, ಒಂದೇ ಸಮನಾಗಿ, ಎಲ್ಲೂ ನಡುಗದೆ.

"ನೀವು ಮುಟ್ಟಿದ್ರಾ?"

"ಇಲ್ಲ ಸಾರ್. ಅಮ್ಮ ಇಟ್ಟದ್ದು ನಾನು ಮುಟ್ಟೋದಿಲ್ಲ."

ಬೆರಳಿನಿಂದ ಮುಟ್ಟಿದೆ. ನಾನು ಎಳೆದದ್ದು ಪೌಡರು, ನುಣುಪು, ಸುವಾಸನೆ. ಆ ಕೊನೆಯ ಸುತ್ತು ತರಿತರಿ. ಅಕ್ಕಿಹಿಟ್ಟು. ನಮ್ಮ ಮನೆಯಲ್ಲಿ ಬೀಸಿದ ಅಕ್ಕಿಹಿಟ್ಟು.

ಬಂದರು ಬಂತು. ಕಾಗದಪತ್ರ, ವಿಮಾನ, ಎಲ್ಲವನ್ನೂ ಪುಟ್ಟಸ್ವಾಮಣ್ಣನೇ ನೋಡಿಕೊಂಡರು. ಹೇಮಾವತಿಯ ದಡದಲ್ಲಿ ಅವಳನ್ನು ಸುಟ್ಟೆವು. ಕರ್ಮಗಳೆಲ್ಲ ಕ್ರಮವಾಗಿ ನಡೆದವು.

ಮನೆಗೆ ಬಂದ ಮೇಲೆ ಹೊಳೆದದ್ದು ಈ ವಿಚಾರ. ಅಂದಿನಿಂದ ನಿದ್ದೆ ಬಿಟ್ಟಿದೆ. ಆ ರಾತ್ರಿ ಬಾಗಿಲು ತೆಗೆದು "ಇದೇ ಬಾಗಿಲು" ಎಂದೆನಲ್ಲ... ಅವಳು ನಂಬಿ ಒಳಗೆ ಬಂದಳು. ಎಳೆಯನ್ನೂ ಕೂಡಿಸಿದಳು. ಆಮೇಲೆ ನಾನು ಪೆಟ್ಟಿಗೆ ಎತ್ತಿಕೊಂಡು ಇಳಿದು ಬಂದೆ. ಇಲ್ಲಿಗೆ ತಂದದ್ದು ದೇಹ ಮಾತ್ರವೇ? ಆ ಹಡಗು ಈಗಲೂ ಎಲ್ಲೋ ಹೋಗುತ್ತಿರುತ್ತದೆ. ಆ ಕಿಟಕಿಯಿಲ್ಲದ ಕೋಣೆಯಲ್ಲಿ ಬೇರೆ ಯಾರೋ ಮಲಗಿರುತ್ತಾರೆ.

ಜಯಮ್ಮನಿಗೆ ಹೇಳಿದರೆ, "ಸುಮ್ಕಿರಿ ಸಾಮಿ, ಅಕ್ಕಂಗೆ ಅವ್ರ ಊರ್ ದಾರಿ ಗೊತ್ತಿಲ್ವಾ?" ಎನ್ನುತ್ತಾರೆ. ಹೇಳುವಾಗ ನನ್ನ ಮುಖ ನೋಡುವುದಿಲ್ಲ.

ಸೂತಕ ಕಳೆದ ಮೇಲೆ ನಾನೇ ರಂಗೋಲಿ ಇಡುವುದನ್ನು ಕಲಿತೆ. ಈಗ ಐದು ಚುಕ್ಕಿಯ ಎಳೆ ನನ್ನ ಕೈಗೆ ಚೆನ್ನಾಗಿ ಬರುತ್ತದೆ. ಆದರೂ ದಿನಾ ಸಂಜೆ ಮನೆಯ ಹೊಸ್ತಿಲಿಗೆ ಇಟ್ಟು, ಕೊನೆಯ ಸುತ್ತನ್ನು ಬೇಕೆಂದೇ ಬಿಡುತ್ತೇನೆ. ಬೀದಿಯವರು ಮುದುಕನಿಗೆ ಅರಳುಮರಳು ಎಂದುಕೊಂಡಿದ್ದಾರೆ. ರಾತ್ರಿ ಕಿವಿಗೊಟ್ಟು ಮಲಗುತ್ತೇನೆ. ನಾಯಿ ಬೊಗಳುತ್ತದೆ, ದೂರದಲ್ಲಿ ರೈಲು ಹೋಗುತ್ತದೆ. ಬಳೆಯ ಸದ್ದು ಬಂದಿಲ್ಲ.

ಡಬ್ಬಿಯೂ ಸಿಕ್ಕಿಲ್ಲ.

ಇವತ್ತು ಬೆಳಿಗ್ಗೆ ಎದ್ದು ನೋಡಿದೆ. ಎಳೆ ಕೂಡಿರಲಿಲ್ಲ.