ಬಾಂಬರ್ ವಿಮಾನದೊಳಗಿನ ವಾಸನೆ

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುತ್ತಿದ್ದವನು ನಾನು. ತಮಿಳುನಾಡಿನ ಗಡಿಯೂರು ಹೊಸೂರಿನ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಅಳೆದು ನೋಡುವುದು ನನ್ನ ಕೆಲಸ. ಅಳತೆಗೆ ಸಿಗದ್ದನ್ನು ನಂಬುವ ಅಭ್ಯಾಸ ನನಗಿರಲಿಲ್ಲ. ಎಂಟು ವರ್ಷದ ಹಿಂದೆ ನಡೆದ ಈ ಸಂಗತಿಯನ್ನು ಇಷ್ಟು ದಿನ ಬರೆಯದೆ ಇದ್ದೆ. ಓದಿದವರು ನಕ್ಕರೆ ನಗಲಿ.

ಆಗ ಹೊಸೂರಿನ ಪಕ್ಕದ ಮೂಕಂಡಪಲ್ಲಿಯ ಒಂದು ವಠಾರದಲ್ಲಿ ನಾನು, ನನ್ನ ಹೆಂಡತಿ ಲತಾ ಬಾಡಿಗೆಗಿದ್ದೆವು. ಪಕ್ಕದ ಮನೆಯಲ್ಲಿ ಮುನಿಯಮ್ಮಜ್ಜಿ ಮಗನ ಜೊತೆ ಇದ್ದರು. ಎಂಬತ್ತು ದಾಟಿತ್ತು. ಎರಡೂ ಕಣ್ಣಿಗೆ ಪೊರೆ ಬಂದು, ಬೆಳಕು ನೆರಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಆದರೂ ದಿನಾ ಮಧ್ಯಾಹ್ನ ಗೋಡೆ ಸವರಿಕೊಂಡು ನಮ್ಮ ಮನೆಗೆ ಬರುವರು. ಲತಾ ಮಾಲೂರು ಕಡೆಯವಳು, ತಮಿಳು ಬಾರದು. ಆ ವರ್ಷ ಅವಳಿಗೆ ನಾಲ್ಕು ತಿಂಗಳಿಗೇ ಗರ್ಭ ಇಳಿದುಹೋಗಿತ್ತು. ತವರಿನಿಂದ ಯಾರೂ ಬಂದು ಇರುವಂತಿರಲಿಲ್ಲ. ಅವಳಿಗೆ ಗಂಜಿ ಕುಡಿಸಿ, ತಲೆಗೆ ಎಣ್ಣೆ ಹಚ್ಚಿ, ಅಳುವಾಗ ಪಕ್ಕದಲ್ಲಿ ಕೂತವರು ಈ ಅಜ್ಜಿ.

ನಾನೇನು ಮಾಡುತ್ತಿದ್ದೆ ಎಂದರೆ, ಮೇಜಿನ ಮುಂದೆ ಕೂತು ಪ್ಲಾಸ್ಟಿಕ್ ವಿಮಾನ ಅಂಟಿಸುತ್ತಿದ್ದೆ. ಅದು ನನ್ನ ಗೀಳು. ಆ ಸಲ ತರಿಸಿದ್ದು ಎರಡನೆಯ ಮಹಾಯುದ್ಧದ ಒಂದು ಜಪಾನಿ ಬಾಂಬರ್, ನಿಜವಾದದ್ದರ ನಲವತ್ತೆಂಟನೆಯ ಒಂದು ಪಾಲಿನ ಅಳತೆಯದು. ಒಡಲಿನ ಎರಡು ಹೋಳು ಸೇರಿಸಿ, ಸಂದಿಗೆ ಪುಟ್ಟಿ ತುಂಬಿ, ನುಣ್ಣಗೆ ಉಜ್ಜಿ, ಹಸಿರು ಬಣ್ಣ ಹೊಡೆದೆ. ಎಂಜಿನ್ನಿನ ಹಿಂದೆ ಹೊಗೆಯ ಕಲೆ ಸಹಜವಾಗಿ ಕಾಣಲೆಂದು ಇದ್ದಿಲ ಪುಡಿ ತಿಕ್ಕಿದೆ. ಹೊಟ್ಟೆಯೊಳಗೆ ಹುರುಳಿಕಾಯಿ ತುಂಡಿನಷ್ಟಿದ್ದ ಬಾಂಬುಗಳನ್ನು ಸಾಲಾಗಿ ಕೂರಿಸಿ ಬಾಗಿಲು ಅಂಟಿಸಿಬಿಟ್ಟೆ. ಇನ್ನು ಅವು ಯಾರಿಗೂ ಕಾಣುವುದಿಲ್ಲ ಎಂದು ಗೊತ್ತಿದ್ದೂ ಒಂದೊಂದಕ್ಕೂ ಮೂರು ಸಲ ಬಣ್ಣ ಕೊಟ್ಟಿದ್ದೆ.

ಅದಾದ ವಾರಕ್ಕೆ ಮನೆಯಲ್ಲಿ ವಾಸನೆ ಶುರುವಾಯಿತು. ಎಲ್ಲೋ ಇಲಿ ಸತ್ತಿದೆ ಎಂದಳು ಲತಾ. ಅಟ್ಟದ ಸಾಮಾನು ಇಳಿಸಿದೆವು, ಗ್ಯಾಸ್ ಸಿಲಿಂಡರಿನ ಹಿಂದೆ ನೋಡಿದೆವು, ಬಚ್ಚಲ ಕಿಂಡಿಗೆ ಕೋಲು ಹಾಕಿದೆವು. ಏನೂ ಸಿಗಲಿಲ್ಲ. ಕೊನೆಗೆ ಆ ವಿಮಾನಕ್ಕೆ ಮೂಗಿಟ್ಟು ನೋಡಿದೆ. ಬಣ್ಣದ ವಾಸನೆ, ಅಂಟಿನ ವಾಸನೆ ನನಗೆ ಚೆನ್ನಾಗಿ ಗೊತ್ತು. ಇದು ಅದಲ್ಲ. ಕೂದಲು ಸೀದ ವಾಸನೆ, ಅದರಡಿಯಲ್ಲಿ ಎಣ್ಣೆಯಲ್ಲಿ ಕರಕಲಾದ ಮಾಂಸದ್ದು, ಎಲ್ಲಕ್ಕೂ ಕೆಳಗೆ ಸಿಹಿಸಿಹಿಯಾದ ಒಂದು ಕೊಳಕು ನಾತ. ಬಚ್ಚಲಿಗೆ ಓಡಿ ತಿಂದದ್ದನ್ನೆಲ್ಲ ಕಾರಿದೆ. ಆದರೂ ಎಸೆಯಲಿಲ್ಲ. ಮೂರು ತಿಂಗಳ ಕೆಲಸ ಎಂಬ ಆಸೆ. ಕಿಟಕಿ ತೆರೆದಿಟ್ಟು, ಅಗರಬತ್ತಿ ಹಚ್ಚಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮುಂದುವರಿಸಿದೆ. ಇದನ್ನು ಬರೆಯಲು ನನಗೇ ಅಸಹ್ಯವಾಗುತ್ತದೆ.

ಮುಂದಿನ ಭಾನುವಾರ ಬೆಳಗ್ಗೆ ರೆಕ್ಕೆಗಳ ಮೇಲೆ ಕೆಂಪು ವೃತ್ತದ ಸ್ಟಿಕರುಗಳನ್ನು ನೀರಲ್ಲಿ ನೆನೆಸಿ ಅಂಟಿಸಿದೆ. ಮಧ್ಯಾಹ್ನ ಅಜ್ಜಿ ಬಂದರು. ಅಲ್ಲಿಯವರೆಗೆ ಅವರು ವಾಸನೆಯ ಮಾತೆತ್ತಿರಲಿಲ್ಲ. ಹೊಸಿಲು ದಾಟಲು ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟರು.

"ಒಳ್ಗೆ ಏನ್ ಸುಡ್ತಾ ಇದೀರವ್ವ?"

ಇಲಿ ಸತ್ತಿರಬೇಕು ಅಜ್ಜಿ ಎಂದಳು ಲತಾ.

"ಇಲಿ ಅಲ್ಲ ಕಣವ್ವ. ಮನ್ಸರು ಸುಟ್ಟ ವಾಸ್ನೆ." ಅಜ್ಜಿ ಮೇಜಿನ ಕಡೆಗೇ ಮುಖ ತಿರುಗಿಸಿದರು. "ರೆಕ್ಕೆ ಮ್ಯಾಲೆ ಕೆಂಪು ಬೊಟ್ಟು ಐತಲ್ಲ, ಆ ಇಮಾನ. ಅದ್ಯಾಕಪ್ಪ ಇಲ್ಲಿಗ್ ಬಂತು?"

ನಾನು ಕೂತು ಮಾಡುತ್ತಿದ್ದದ್ದು ರೇಡಿಯೋ ರಿಪೇರಿ ಎಂದೇ ಅಜ್ಜಿ ತಿಳಿದಿದ್ದರು. ವಿಮಾನದ ವಿಷಯ ಲತಾ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಬೊಟ್ಟು ಅಂಟಿಸಿ ಆಗ ಮೂರು ಗಂಟೆ ಕೂಡ ಆಗಿರಲಿಲ್ಲ.

ಅಜ್ಜಿ ಹೊರಗಿನ ಕಲ್ಲಿನ ಮೇಲೆ ಕೂತು ಹೇಳಿದರು. ಇಲ್ಲೇ ತೊರಪಲ್ಲಿ ಹತ್ತಿರದ ಅವರ ಅಪ್ಪ ಮೂಟೆ ಹೊರಲು ಬರ್ಮಾದ ರಂಗೂನಿನ ಬಂದರಿಗೆ ಹೋಗಿದ್ದರಂತೆ. ಅಜ್ಜಿ ಹುಟ್ಟಿದ್ದು ಅಲ್ಲೇ. ಆರು ವರ್ಷವಿದ್ದಾಗ ಒಂದು ಬೆಳಗ್ಗೆ ವಿಮಾನಗಳು ಬಂದವಂತೆ. ಬಿಸಿಲಿಗೆ ಮಿನುಗುತ್ತಿದ್ದವಂತೆ. ಜನ ಬೀದಿಯಲ್ಲಿ ನಿಂತು, ಎಷ್ಟು ಚೆನ್ನಾಗಿವೆ ಎಂದು ತಲೆಯೆತ್ತಿ ನೋಡುತ್ತಿದ್ದರಂತೆ. ತಾಯಿ ಇವರನ್ನು ಮೋರಿಗೆ ನೂಕಿದರು. ಮೇಲೆದ್ದು ಬಂದಾಗ ಎಣ್ಣೆಯ ಗೋದಾಮು ಉರಿಯುತ್ತಿತ್ತು.

"ಅವ್ವನ ಕೈ ಹಿಡ್ದು ಎಳ್ದೆ. ತೊಗ್ಲು ಮಾತ್ರ ಬಂತು" ಎಂದರು ಅಜ್ಜಿ.

ಅಪ್ಪನ ಜೊತೆ ಕಾಡುಬೆಟ್ಟ ದಾಟಿ ನಡೆದು ಊರು ಸೇರಿದರಂತೆ. ಇದೆಲ್ಲ ಅವರ ಮಗನಿಗೂ ಗೊತ್ತಿರಲಿಲ್ಲ.

ಅಜ್ಜಿಯನ್ನು ಮನೆಗೆ ಬಿಟ್ಟು ಬಂದ ಲತಾ ಅದನ್ನು ಈಗಲೇ ಆಚೆ ಹಾಕಿ ಎಂದಳು. ನಾನು ಮೊದಲು ಒಳಗೇನಿದೆ ನೋಡಬೇಕೆಂದು ಗರಗಸದ ಬ್ಲೇಡಿನಿಂದ ಸಂದಿಯನ್ನು ಕೊಯ್ದೆ. ಹಲ್ಲಿಯೋ ಜಿರಳೆಯೋ ಸಿಕ್ಕಿದ್ದರೆ ದೇವರಿಗೆ ಕೈಮುಗಿಯುತ್ತಿದ್ದೆ. ಇದ್ದದ್ದು ಒಂದು ಬಗೆಯ ಜಿಡ್ಡು. ಕಪ್ಪು ಮಸಿ ಬೆರೆತ ಹಳದಿ ಕೊಬ್ಬಿನಂಥದ್ದು, ನಾನು ಬಣ್ಣ ಕೊಟ್ಟ ಬಾಂಬುಗಳ ನಡುವೆ ತುಂಬಿಕೊಂಡಿತ್ತು. ಮುಟ್ಟಿದರೆ ಬೆಚ್ಚಗಿತ್ತು. ಬೆರಳಿಗೆ ಹತ್ತಿದ್ದು ಸೋಪು, ಸೀಗೆಪುಡಿ, ಸೀಮೆಎಣ್ಣೆ ಯಾವುದಕ್ಕೂ ಹೋಗಲಿಲ್ಲ. ಒಂದು ವಾರ ಮುದ್ದೆಯನ್ನು ಚಮಚದಲ್ಲಿ ತಿಂದೆ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಪಕ್ಕ ಕೂತವನು ತಟ್ಟೆ ಎತ್ತಿಕೊಂಡು ಬೇರೆ ಬೆಂಚಿಗೆ ಹೋದ.

ಆ ಭಾನುವಾರ ಸಂಜೆಯೇ ಪಕ್ಕದ ಖಾಲಿ ಸೈಟಿನಲ್ಲಿ ವಿಮಾನವನ್ನು ಸುಟ್ಟೆ. ಮೂಗು ಮುಚ್ಚಿ ನಿಂತಿದ್ದೆ. ಕೈ ತೆಗೆದಾಗ ಬಂದದ್ದು ಪ್ಲಾಸ್ಟಿಕ್ ಸುಟ್ಟ ವಾಸನೆ, ಅಷ್ಟೆ. ನನ್ನ ಬೆರಳು ಬಿಟ್ಟರೆ ಮನೆಯಲ್ಲೂ ಮತ್ತೆ ನಾತ ಬರಲಿಲ್ಲ.

ಪೇಂಟ್ ವಿಭಾಗದ ಗೆಳೆಯನೊಬ್ಬ, ಪುಟ್ಟಿ ಕೆಟ್ಟು ಎಣ್ಣೆ ಬಿಟ್ಟಿರಬೇಕು ಎಂದ. ಅದನ್ನು ನಂಬಲು ಎಷ್ಟೋ ದಿನ ಪ್ರಯತ್ನಪಟ್ಟೆ. ಅದೇ ಪುಟ್ಟಿಯನ್ನು ಬೇರೆ ಮಾಡೆಲ್ಲಿಗೂ ಹಾಕಿದ್ದೆ, ಅದಕ್ಕೇನೂ ಆಗಿರಲಿಲ್ಲ. ಅಲ್ಲದೆ ಪುಟ್ಟಿಗೆ ಅಜ್ಜಿಯ ವಿಷಯ ಹೇಗೆ ಗೊತ್ತು?

ಅಜ್ಜಿ ಮತ್ತೆ ನಮ್ಮ ಮನೆಗೆ ಬರಲಿಲ್ಲ. ಲತಾಳೇ ಅಲ್ಲಿಗೆ ಹೋಗುತ್ತಿದ್ದಳು. ತಿಂಗಳಾದ ಮೇಲೆ ನಾನೂ ಧೈರ್ಯ ಮಾಡಿ ಹೋಗಿ, ತಪ್ಪಾಯಿತು ಎಂದೆ.

"ನಿನ್ ಮ್ಯಾಲೆ ಕ್ವಾಪ ಇಲ್ಲ ಕಣಪ್ಪ" ಎಂದರು. "ಅಷ್ಟ್ ದಿನ ಕೂತ್ಕಂಡು ಅದಕ್ಕೆ ಬಣ್ಣ ಹೊಡೆದ್ಯಲ್ಲ, ಕೆಳ್ಗೆ ಇದ್ದೋರು ಒಂದ್ ದಿನಾನೂ ನೆಪ್ಪಾಗ್ಲಿಲ್ವಾ?"

ಇಲ್ಲ ಅಜ್ಜಿ ಎಂದೆ. ಅವರು ತಲೆಯಾಡಿಸಿ, ಲತಾಳಿಗೆ ಕೊಡು ಎಂದು ಒಂದು ಹಿಡಿ ಹುರಿದ ಕಡಲೆಕಾಯಿಯನ್ನು ನನ್ನ ಕೈಗೆ ಸುರಿದರು.

ಎರಡು ವರ್ಷಕ್ಕೆ ಅಜ್ಜಿ ತೀರಿಕೊಂಡರು. ನಾನು ಮತ್ತೆ ವಿಮಾನ ಮಾಡಲಿಲ್ಲ. ಆ ಜಿಡ್ಡು ಎಲ್ಲಿಂದ ಬಂತು, ಅದು ಬೆಚ್ಚಗೆ ಯಾಕಿತ್ತು, ನನಗೆ ಇವತ್ತಿಗೂ ತಿಳಿದಿಲ್ಲ. ತಿಳಿದವರು ಯಾರಾದರೂ ಇದ್ದರೆ, ದಯವಿಟ್ಟು ನನಗೆ ಹೇಳಬೇಡಿ.