ಬೆಸುಗೆ ಹಾಕಿದ ಸೀಟು

ಮದುವೆಯಲ್ಲಿ ಮಾವ ನನಗೊಂದು ಸೈಕಲ್ ಕೊಟ್ಟರು. ತೊಂಬತ್ತರ ದಶಕದ ಮೊದಲ ವರ್ಷಗಳವು. ಅಕ್ಕಲಕೋಟೆಯವರು ಸೊಲ್ಲಾಪುರದ ಕಾರಕೂನ ಅಳಿಯನಿಗೆ ಕೊಡಬಹುದಾದ ಒಳ್ಳೆಯ ಉಡುಗೊರೆಯೇ ಅದು. ಮಾವ ನಿವೃತ್ತ ಮಾಸ್ತರರು, ಯಾವ ಕೆಲಸವನ್ನೂ ಅರ್ಧಕ್ಕೆ ಬಿಟ್ಟವರಲ್ಲ. ಅವರು ಸೊಲ್ಲಾಪುರದಲ್ಲಿ ನೌಕರಿಯಲ್ಲಿದ್ದಾಗ, ಟಾಕೀಜಿನ ಮುಂದೆ ನಿಲ್ಲಿಸಿದ್ದ ಅವರ ಸೈಕಲ್ಲಿನ ಸೀಟನ್ನಷ್ಟೇ ಯಾರೋ ಕಿತ್ತುಕೊಂಡು ಹೋಗಿದ್ದರಂತೆ. ಸೀಟಿಲ್ಲದ ಸೈಕಲ್ ತಳ್ಳಿಕೊಂಡು ಊರೆಲ್ಲ ನಡೆದ ಅವಮಾನವನ್ನು ಅವರು ಮರೆತಿರಲಿಲ್ಲ. ಹಾಗಾಗಿ ಅಳಿಯನ ಸೈಕಲ್ಲಿನ ಸೀಟಿನ ಸರಳಿಗೆ ಎದುರಿಗೆ ನಿಂತು ಗ್ಯಾಸಿನ ಬೆಸುಗೆ ಹಾಕಿಸಿದರು. ಅದಕ್ಕೂ ಮೊದಲು ತಾವೇ ಹತ್ತಿ ಕೂತು, ಎರಡೂ ಪಾದ ನೆಲಕ್ಕೆ ಊರುತ್ತವೋ ಇಲ್ಲವೋ ನೋಡಿಕೊಂಡರು. ಮಾವ ಐದಡಿಯವರು. ನಾನು ಬಾಗಿಲು ದಾಟುವಾಗ ತಲೆ ತಗ್ಗಿಸುವವನು.

ದಿನಾ ಮಿಲ್ಲಿನ ಭೋಂಗಾ ಕೂಗುವ ಹೊತ್ತಿಗೆ ಕಚೇರಿಗೆ ಹೊರಡುತ್ತಿದ್ದೆ. ಪೆಡಲ್ ತುಳಿದಾಗಲೆಲ್ಲ ಮೊಣಕಾಲು ಹ್ಯಾಂಡಲಿಗೆ ತಾಗುವಷ್ಟು ಮೇಲೆ ಬರುತ್ತಿತ್ತು. ಮಂದಿ ಕೂತು ಸೈಕಲ್ ಹೊಡೆಯುತ್ತಾರೆ, ನಾನು ಕುಕ್ಕರಗಾಲಿನಲ್ಲಿ ಹೊಡೆಯುತ್ತಿದ್ದೆ. ಆರು ತಿಂಗಳೊಳಗೆ ಎರಡೂ ಮೊಣಕಾಲು ಹಿಡಿದುಕೊಂಡವು. ಊಟಕ್ಕೆ ನೆಲದ ಮೇಲೆ ಕೂತರೆ ಏಳಲು ಗೋಡೆ ಬೇಕು. ಗೋಡೆ ದೂರವಿದ್ದರೆ ಹೆಂಡತಿ ಬೇಕು.

"ಅಪ್ಪಾಗ ಹೇಳಬ್ಯಾಡ್ರಿ," ಎಂದಳು ಹೆಂಡತಿ. "ಕೊಟ್ಟದ್ದಕ್ಕ ಹೆಸರಿಟ್ಟರ ಭಾಳ ನೊಂದಕೋತಾರ. ಅವರ ಸಿಟ್ಟು ನಿಮಗ ಗೊತ್ತಿಲ್ಲ."

ಗೊತ್ತಿತ್ತು, ಅದಕ್ಕೇ ಸುಮ್ಮನಾದೆ. ಮಾವನ ಮನಸ್ಸೂ ಮುರಿಯಬಾರದು, ನನ್ನ ಮೊಣಕಾಲೂ ಮುರಿಯಬಾರದು. ಸಂಸಾರದ ಮೊದಲ ಎರಡೂವರೆ ವರ್ಷ ಈ ಇಕ್ಕಟ್ಟಿನಲ್ಲೇ ಹೋದವು.

ಉಪಾಯ ಹೇಳುವವರಿಗೇನು ಬರ? ಕಚೇರಿಯ ಹೆಡ್‌ಕ್ಲರ್ಕ್ "ವಾತ ಆಹೇ" ಎಂದು ಮರಾಠಿಯಲ್ಲಿ ತೀರ್ಪು ಕೊಟ್ಟು ನನಗೆ ಬದನೆಕಾಯಿ ಬಿಡಿಸಿದ. ಎಣ್ಣೆಗಾಯಿ ತಪ್ಪಿದ ದುಃಖ ಮೊಣಕಾಲಿನ ದುಃಖವನ್ನೂ ಮೀರಿಸಿತು. ನೆರೆಮನೆಯ ಅಜ್ಜಿ ಬಿಸಿ ಉಪ್ಪಿನ ಗಂಟಿನಿಂದ ಶಾಖ ಕೊಡಿಸಿದಳು. ಕಾಗದಪತ್ರಕ್ಕೆಂದು ಕಚೇರಿಗೆ ಬರುತ್ತಿದ್ದ, ತಡವಳದ ಕಡೆ ಕುರಿ ಸಾಕಿಕೊಂಡಿದ್ದ ಮುದುಕನೊಬ್ಬ "ಬೀರೋಬಾ ದೇವರ ಹೆಸರ್ಲೆ ಕಟ್ಟಕೋರಿ ಸಾಹೇಬ್ರ" ಎಂದು ಕರಿ ಕಂಬಳಿಯ ಎರಡು ಪಟ್ಟಿ ತಂದುಕೊಟ್ಟ. ಸೊಲ್ಲಾಪುರದ ಮೇ ತಿಂಗಳಲ್ಲಿ ಪ್ಯಾಂಟಿನೊಳಗೆ ಕಂಬಳಿ ಕಟ್ಟಿಕೊಂಡು ತಿರುಗಿದವನು ಬಹುಶಃ ನಾನೊಬ್ಬನೇ. ನೋವು ಹೋಗಲಿಲ್ಲ, ಮೇಲೆ ತುರಿಕೆ ಬಂತು.

ಕಡೆಗೆ ಡಾಕ್ಟರರ ಬಳಿ ಹೋದೆ. ಅವರು ಮೊಣಕಾಲು ಒತ್ತಿ ನೋಡಿ, ಹೇಗೆ ಬಂದಿರಿ ಎಂದು ಕೇಳಿ, ಬಾಗಿಲಿಗೆ ಬಂದು ನನ್ನಿಂದ ಒಂದು ಸುತ್ತು ಸೈಕಲ್ ಹೊಡೆಸಿ ನೋಡಿದರು. ಇದು ನಿಮ್ಮ ಮಗನದೇನು ಎಂದು ಮರಾಠಿಯಲ್ಲಿ ವಿಚಾರಿಸಿದರು. ನನಗಿನ್ನೂ ಮಕ್ಕಳಿರಲಿಲ್ಲ. ಔಷಧ ಬೇಡ, ಸೀಟು ಏರಿಸಿ ಎಂದರು. ಬೆಸುಗೆ ಹಾಕಿದೆ ಎಂದೆ. "ಮೊಣಕಾಲಿಗಂತೂ ಹಾಕಿಲ್ಲವಲ್ಲ?" ಎಂದು ಮುಂದಿನ ರೋಗಿಯನ್ನು ಕರೆದರು.

ಮರುದಿನವೇ ಮಿಸ್ತ್ರಿಯಿಂದ ಬೆಸುಗೆ ಕೊಯ್ಯಿಸಿ, ಉದ್ದನೆಯ ಸರಳು ಹಾಕಿಸಿ, ಸೀಟನ್ನು ಒಂದು ಗೇಣು ಏರಿಸಿದೆ. ಕೊಯ್ದದ್ದು ಕಾಣದಂತೆ ಕರಿ ಬಣ್ಣವನ್ನೂ ಬಳಿಸಿದೆ. ಹದಿನೈದು ದಿನಗಳಲ್ಲಿ ಗೋಡೆಗೂ ಹೆಂಡತಿಗೂ ಬಿಡುವು ಸಿಕ್ಕಿತು.

ಆಗ ಮಾವ ಬಂದರು. ನಮ್ಮಲ್ಲಿಗೆ ಬಂದಾಗೊಮ್ಮೆ ಆ ಸೈಕಲ್ ಹತ್ತಿ ಬಾಜಾರಕ್ಕೆ ಹೋಗುವುದು ಅವರ ರೂಢಿ. ನಾನು ಅಂಗಿ ತೊಟ್ಟು ಹೊರಗೆ ಬರುವಷ್ಟರಲ್ಲಿ ಹೊರಟುಬಿಟ್ಟಿದ್ದರು. ಅರ್ಧ ತಾಸಿಗೆ ಸೈಕಲ್ ತಳ್ಳಿಕೊಂಡು ಬಂದರು. ಮೊಣಕೈ ತರಚಿತ್ತು, ಧೋತರಕ್ಕೆ ಧೂಳು ಮೆತ್ತಿತ್ತು. ಕೈಕಾಲು ತೊಳೆದು ಊಟಕ್ಕೆ ಕೂತರು. ಒಂದು ರೊಟ್ಟಿ ಮುಗಿಸುವುದೂ ಅವರಿಗೆ ಕಷ್ಟವಾಯಿತು.

"ವಯಸ್ಸಾದಂಗ ಮನಷ್ಯಾ ಗಿಡ್ಡ ಆಕ್ಕಾನೇನ್ರಿ ಅಳಿಯಾರ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ತಾವೇ ಮುಂದುವರಿಸಿದರು.

"ಸೀಟಂತೂ ಏರಂಗಿಲ್ಲ, ನಾನs ನಿಂತು ಬೆಸಿಗಿ ಹಾಕಿಸೀನಿ. ಅಂದಮ್ಯಾಲೆ ಇಳದಾವ ನಾನs. ಇಳಿಯಾಕ ಹೋದ್ರ ಕಾಲು ನೆಲಕ್ಕ ಹತ್ತಲಿಲ್ಲ. ನಮ್ಮಪ್ಪನೂ ಕಡೀಕ ಹಿಂಗs ಸಣ್ಣಾಗಿ ಹ್ವಾದ."

ಮಾತಾಡಬೇಡಿ ಎಂದು ಹೆಂಡತಿ ಕಣ್ಣಲ್ಲೇ ಹೇಳುತ್ತಿದ್ದಳು. ಆದರೆ ತಾನು ಕುಗ್ಗಿ ಹೋಗುತ್ತಿದ್ದೇನೆಂದು ನಂಬಿದ ಮುದುಕರೊಬ್ಬರು ಎದುರಿಗೆ ಕೂತಿದ್ದರು. ನನಗೆ ತಡೆಯಲಾಗಲಿಲ್ಲ. ಬೆಸುಗೆ, ಮೊಣಕಾಲು, ಡಾಕ್ಟರು, ಕರಿ ಬಣ್ಣ, ಎಲ್ಲವನ್ನೂ ಒಪ್ಪಿಕೊಂಡೆ.

ಮಾವ ಎದ್ದು ಹೊರಗೆ ಹೋಗಿ ಸೀಟಿನ ಕೆಳಗೆ ಬೆರಳಾಡಿಸಿ ನೋಡಿದರು. ಒಳಗೆ ಬಂದವರ ಮುಖ ಅರಳಿತ್ತು.

"ಹಂಗಾದ್ರ ನಾ ಇದ್ದಷ್ಟs ಅದೀನಿ!" ಎಂದು ಮತ್ತೊಂದು ರೊಟ್ಟಿ ಹಾಕಿಸಿಕೊಂಡರು. ಅದನ್ನು ಮುರಿಯುತ್ತ, "ಮೊಣಕಾಲ ನೋಯಾಕತ್ತಿ ಎಷ್ಟ ದಿನಾತ್ರಿ?" ಎಂದು ಕೇಳಿದರು.

"ಎರಡು ವರ್ಷದ ಮ್ಯಾಲಾತ್ರಿ, ಮಾವಾರ."

ಅವರ ಕೈ ನಿಂತಿತು. ನನ್ನನ್ನು ನೋಡಿದರು, ಆಮೇಲೆ ಮಗಳನ್ನು. "ಇದೊಂದು ಮಾತು ಹೇಳಾಕ ನನಗ ಅಷ್ಟು ಅಂಜತೀರೇನು?"

ಸಿಟ್ಟಿನ ಮಾತಾಗಿದ್ದರೆ ಸಹಿಸಬಹುದಿತ್ತು, ಅವರ ದನಿಯಲ್ಲಿ ಸಿಟ್ಟೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಅವರನ್ನು ಕ್ಯಾರಿಯರ್ ಮೇಲೆ ಕೂಡಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಹಿಂದಿನಿಂದ ಬಗ್ಗಿ ಬಗ್ಗಿ ನನ್ನ ಮೊಣಕಾಲು ನೋಡುತ್ತಿದ್ದರು. ಇಳಿದ ಮೇಲೆ ಚೀಲ ಹೆಗಲಿಗೇರಿಸಿ, "ಇನ್ನ ಏನರ ತ್ರಾಸ ಇದ್ರ ಮದಲ ನನಗ ಹೇಳ್ರಿ. ನಾ ಏನ ಹುಲಿ ಅಲ್ಲ," ಎಂದರು.

ನಾನು ಒಂದು ಗಳಿಗೆ ಹಿಂದೆಮುಂದೆ ನೋಡಿದೆ. ಆಮೇಲೆ ಧೈರ್ಯ ಮಾಡಿ, "ಮಾವಾರ, ಲಗ್ನದಾಗ ನೀವು ಕೊಟ್ಟ ಈ ಬೂಟೂ ಕಡೀತಾವ್ರಿ," ಎಂದೆ.

"ಬಿಚ್ಚರಿ ಅವನ್ನ!" ಎಂದವರೇ, ಅಕ್ಕಲಕೋಟೆಯ ಬಸ್ಸು ಹೊರಡುವತನಕ ನನ್ನನ್ನು ಅಲ್ಲೇ ಬರಿಗಾಲಲ್ಲಿ ನಿಲ್ಲಿಸಿದರು.