ಬಾಗಲೂರಿನ ಫೀಡ್ ಮಿಲ್ಲೂ ರಜೆ ತೆಗೆದುಕೊಂಡ ಕಾರ್ಡೂ

ವಿಜಯದಶಮಿಯ ಮರುದಿನ ಬೆಳಿಗ್ಗೆ ಗಂಗಾನಗರದ ನಮ್ಮ ಮನೆಯಿಂದ ಹೊರಟಾಗ ಬೀದಿಯ ತುಂಬ ಒಡೆದ ಬೂದುಗುಂಬಳಕಾಯಿ. ಹಬ್ಬ ಮುಗಿದಿತ್ತು, ಅದರ ಜಾರಿಕೆ ಮುಗಿದಿರಲಿಲ್ಲ. ತುಂತುರು ಮಳೆ ಬೇರೆ. ಒಂದು ಕೈಯಲ್ಲಿ ಛತ್ರಿ, ಹೆಗಲಿಗೆ ಸ್ಕ್ರೂಡ್ರೈವರು, ಮೀಟರು ತುಂಬಿದ ಬಟ್ಟೆಯ ಚೀಲ. "ರಿಟೈರ್ ಆದ್ಮೇಲೂ ಊರ್ನಲ್ಲಿರೋ ಮಿಷನ್‌ಗೆಲ್ಲ ನೀನೇ ಡಾಕ್ಟ್ರಾ?" ಎಂದು ಯಜಮಾನರು ಬಾಗಿಲಲ್ಲಿ ನಿಂತು ಕೇಳಿದರು. ಮಧ್ಯಾಹ್ನದ ಅಡುಗೆ ಅವರ ತಲೆಗೆ ಬಂದಿತ್ತು, ಅದರ ಸಿಟ್ಟು ಅಷ್ಟೆ.

ಹೊರಟದ್ದು ಬಾಗಲೂರಿಗೆ. ಅಲ್ಲಿ ಜಯಮ್ಮ ಎಂಬವರದ್ದೊಂದು ಪಶು ಆಹಾರದ ಮಿಲ್ ಇದೆ. ಅವರ ತಂದೆ ತಮ್ಮ ಹೊಲದ ಅಂಚಿನಲ್ಲಿ ಕಟ್ಟಿದ್ದು. ತಂದೆ ತೀರಿಕೊಂಡ ಮೇಲೆ ಜಯಮ್ಮನೇ ನಡೆಸುತ್ತಿದ್ದಾರೆ. ಅವರ ತಮ್ಮ ಮಂಜುನಾಥ ಸೈಟು ಮಾಡಿ ಮನೆ ಕಟ್ಟಿಸುವ ಕೆಲಸದವನು. ಹಿಂದಿನ ಸಂಜೆ ಜಯಮ್ಮ ಫೋನ್ ಮಾಡಿದ್ದರು. "ಮೇಡಂ, ಪೂಜೆ ಮಾಡಿ ಮಲಗಿಸಿದ್ ಮಿಷನ್ ಇವತ್ತು ಏಳ್ತಾನೇ ಇಲ್ಲ. ತೂಕ ಎಲ್ಲ ಸೊನ್ನೆ ತೋರಿಸ್ತದೆ." ಆಮೇಲೆ ದನಿ ತಗ್ಗಿಸಿ ನಿಜವಾದ ವಿಷಯ ಹೇಳಿದರು. ಪಾರ್ಸೆಲ್ ಇಡುವ ಗೋಡೌನಿನವರು ಆ ಜಾಗ ಬಾಡಿಗೆಗೆ ಕೇಳುತ್ತಿದ್ದಾರೆ. ನಾಳೆ ಸಂಜೆಯೊಳಗೆ ಮಿಲ್ ಓಡಿದರೆ ಸರಿ, ಇಲ್ಲವಾದರೆ ಬೀಗದ ಕೈ ಅವರಿಗೇ ಎಂದು ಮಂಜುನಾಥ ಹೇಳಿಬಿಟ್ಟಿದ್ದಾನೆ. "ನಾನೂ ಆಯ್ತು ಅಂದ್ಬಿಟ್ಟೆ ಮೇಡಂ. ದಿನಾ ಕಿತ್ತಾಡಿ ಸಾಕಾಗಿತ್ತು."

ಆ ಮಿಲ್ಲಿನ ಕಂಟ್ರೋಲ್ ಪ್ಯಾನಲ್ ನನಗೆ ಗೊತ್ತು. ನೌಕರಿಯಲ್ಲಿದ್ದಾಗ ಅದಕ್ಕೆ ಕೈಹಾಕಿದವಳು ನಾನೇ. ಒಳಗಿರುವ ಪಿಎಲ್‌ಸಿ ಹಳೆಯ ಕಾಲದ್ದು. ಮೋಟಾರು ಹಾಕು, ಆರಿಸು, ಕಾಳು ಸುರಿಯುವ ಬಾಗಿಲು ತೆರೆ, ಮುಚ್ಚು, ಇಷ್ಟನ್ನು ಎತ್ತಿನ ಹಾಗೆ ತಪ್ಪದೆ ಮಾಡುತ್ತದೆ. ಕೂಡಿ ಕಳೆಯುವ ಲೆಕ್ಕ ಅದಕ್ಕೆ ಒಗ್ಗದು, ಹೊಸ ತೂಕದ ಯಂತ್ರದ ಮಾತೂ ತಿಳಿಯದು. ಅದನ್ನು ಕಿತ್ತು ಹೊಸದು ಕೂರಿಸುವ ಬದಲು ಅದರ ಪಕ್ಕದ ಖಾಲಿ ಜಾಗಕ್ಕೆ ಒಂದು ಕೋಪ್ರೊಸೆಸರ್ ಕಾರ್ಡು ಸೇರಿಸಿದ್ದೆವು. ಅದಕ್ಕೆ ಬೇಕಾದ ಪ್ರೋಗ್ರಾಂ ನಾವೇ ಬರೆಯಬಹುದು. ತೂಕ ಓದಿ, ಲೆಕ್ಕ ಹಾಕಿ, ಈಗ ಬಾಗಿಲು ಮುಚ್ಚು ಎಂದು ಪಕ್ಕದ ಹಿರಿಯನಿಗೆ ಹೇಳುತ್ತದೆ. ಹಳೇ ಮನೆಗೆ ಲೆಕ್ಕ ಬಲ್ಲ ಸೊಸೆ ಬಂದ ಹಾಗೆ. ಆ ಕಾರ್ಡಿನ ಮೇಲೆ ನನಗೆ ಮೊದಲಿನಿಂದಲೂ ಒಂದು ಮಮತೆ.

ನೇರ ಹೋದರೆ ಬಾಗಲೂರು ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಆದರೆ ನಾನು ಮೊದಲು ಅದಕ್ಕೆ ಬೆನ್ನು ಹಾಕಿ ಯಶವಂತಪುರಕ್ಕೆ ಹೋಗಬೇಕಿತ್ತು. ಕಾರ್ಡಿನ ಜೊತೆ ಮಾತಾಡಲು ಹಳೇ ಕಾಲದ ಪಿನ್ನುಗಳಿರುವ ಲ್ಯಾಪ್‌ಟಾಪ್ ಬೇಕು. ಅಂಥದ್ದು ಈಗ ಮೋಟಾರು ರಿಪೇರಿ ಮಾಡುವ ಸಾದಿಕ್ ಭಾಯ್ ಅಂಗಡಿ ಬಿಟ್ಟರೆ ನನಗೆ ಗೊತ್ತಿದ್ದ ಕಡೆ ಎಲ್ಲೂ ಇಲ್ಲ. ಮೇಖ್ರಿ ಸರ್ಕಲ್ಲಿನವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಹೆಂಗಸರಿಗೆ ಟಿಕೆಟ್ ಉಚಿತ. ಕಂಡಕ್ಟರ್ ನನ್ನ ಆಧಾರ್ ಕಾರ್ಡಿನ ಫೋಟೊ ನೋಡಿ, ನನ್ನ ಮುಖ ನೋಡಿ, "ಇದು ನಿಮ್ ಮಗಳದ್ದಾ ಅಮ್ಮ?" ಎಂದ. ಹೊಗಳಿಕೆಯೋ ತೆಗಳಿಕೆಯೋ ತಿಳಿಯದೆ ಟಿಕೆಟ್ ಇಸಿದುಕೊಂಡು ಕೂತೆ.

ಯಶವಂತಪುರದಲ್ಲಿ ಮಳೆ ನಿಂತಿತ್ತು. ಮಾರ್ಕೆಟ್ಟಿನ ಕಡೆಯಿಂದ ಈರುಳ್ಳಿಯ ವಾಸನೆ. ಮೊದಲು ನಿಂತು ತಿನ್ನುವ ಹೋಟೆಲಿನಲ್ಲಿ ಎರಡು ಇಡ್ಲಿ, ಒಂದು ವಡೆ ಮುಗಿಸಿದೆ. ಚಟ್ನಿ ನೀರಾಗಿತ್ತು, ವಡೆ ಮಾತ್ರ ಗರಿಗರಿಯಾಗಿ ಆ ತಪ್ಪನ್ನು ಮುಚ್ಚಿಹಾಕಿತು. ಸಾದಿಕ್ ಭಾಯ್ ಅಂಗಡಿಗೆ ಹೋಗುವ ಗಲ್ಲಿಯಲ್ಲಿ ನಿಂತಿದ್ದ ಲಾರಿಗಳಿಗೆಲ್ಲ ಬಾಳೆಕಂದು, ಬಾಡಿದ ಚೆಂಡುಹೂ. ಅವರ ಅಂಗಡಿಯ ವೈಂಡಿಂಗ್ ಮಿಷನ್ನಿನ ಮೇಲೂ ಒಂದು ಕುಂಕುಮದ ಬೊಟ್ಟು.

"ಹುಡುಗ್ರು ಇಟ್ರು, ಇರ್ಲಿ ಬಿಡಿ ಅಂದೆ. ದುಡಿಯೋ ಮಿಷನ್ ಅಲ್ವಾ" ಎಂದರು ಭಾಯ್. ರಾತ್ರಿಯೇ ಫೋನಿನಲ್ಲಿ ವಿಷಯ ಹೇಳಿದ್ದರಿಂದ, ನಾನು ಕೇಳುವ ಮೊದಲೇ ಲ್ಯಾಪ್‌ಟಾಪ್, ಕೇಬಲ್ಲು, ಒಂದು ಹೊಸ ಸೆಲ್ಲು ಮೇಜಿನ ಮೇಲಿಟ್ಟರು. ಬೀರುವಿನಿಂದ ಅದೇ ಜಾತಿಯ ಇನ್ನೊಂದು ಕಾರ್ಡನ್ನೂ ತೆಗೆದು ಟವೆಲಿನಲ್ಲಿ ಸುತ್ತಿ ಕೊಟ್ಟರು. "ಮುಂಚೇಲಿ ಇಂಥದ್ದು ಹತ್ತಿಪ್ಪತ್ತು ಇರ್ತಿತ್ತು ಮೇಡಂ. ಈಗ ಇದೊಂದೇ ಉಳಿದಿರೋದು. ಬೇಕಾದ್ರೆ ಹಾಕ್ಕೊಳ್ಳಿ, ಬೇಡಾಂದ್ರೆ ವಾಪಸ್ ತಂದ್ಬಿಡಿ, ಇದರ ಮುಖ ನೋಡಿ ಅಭ್ಯಾಸ ಆಗಿದೆ ನನಗೆ." ಪ್ರೋಗ್ರಾಮಿನ ಪ್ರತಿ ಇದೆಯೇ ಎಂದು ಕೇಳಿದರು. ಫ್ಲಾಪಿಯಲ್ಲಿ ಇತ್ತು, ರಾತ್ರಿ ಅಟ್ಟದಿಂದ ತೆಗೆದು ನೋಡಿದರೆ ಬೂಷ್ಟು ಹಿಡಿದಿದೆ ಎಂದೆ. ಭಾಯ್ ಸಾವಿನ ಸುದ್ದಿ ಕೇಳಿದವರಂತೆ ತಲೆಯಾಡಿಸಿದರು.

ಯಶವಂತಪುರದಿಂದ ಯಲಹಂಕದ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಕಾರ್ಡನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡೆ. ಬಿಇಎಲ್ ಸರ್ಕಲ್ ದಾಟಿ ಹೆಬ್ಬಾಳದ ಫ್ಲೈಓವರಿಗೆ ಬರುವ ಹೊತ್ತಿಗೆ ವಾಹನಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಕೆಳಗೆ ಕೆರೆ ಮಾತ್ರ ಯಾವ ಅವಸರವೂ ಇಲ್ಲದೆ ಮಲಗಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಟವೆಲಿನ ಗಂಟನ್ನೇ ನೋಡುತ್ತಿದ್ದಳು. "ದೇವರಾ?" ಎಂದು ಕೇಳಿದಳು. "ಅಲ್ಲಮ್ಮ, ದನದ ಬೂಸಾ ಮಿಷನ್ದು" ಎಂದೆ. ಅವಳು ಸ್ವಲ್ಪ ಆಚೆ ಸರಿದು ಕೂತಳು.

ಯಲಹಂಕದಲ್ಲಿ ಇಳಿದು, ಬಾಗಲೂರಿನ ಬಸ್ಸಿಗೆ ಬಹಳ ಹೊತ್ತು ಕಾದೆ. ಬಿಸಿಲು ಏರಿತ್ತು. ಕೊನೆಗೆ ಬಂದ ಬಸ್ಸಿನಲ್ಲಿ ನಿಂತೇ ಹೋದೆ. ಒಂದು ಕಾಲಕ್ಕೆ ಈ ದಾರಿಯುದ್ದಕ್ಕೂ ದ್ರಾಕ್ಷಿಯ ಚಪ್ಪರಗಳನ್ನು ನೋಡಿದ್ದೆ. ಈಗ ಅಪಾರ್ಟ್‌ಮೆಂಟು, ಅದರ ನಡುವೆ ಸಿಕ್ಕಿಕೊಂಡ ಒಂದು ರಾಗಿ ಹೊಲ, ಮತ್ತೆ ಅಪಾರ್ಟ್‌ಮೆಂಟು. ತಲೆಯ ಮೇಲೆ ವಿಮಾನಗಳು ಹೊಟ್ಟೆ ತೋರಿಸುತ್ತ ಇಳಿಯುತ್ತಿದ್ದವು. ಹಸುಗಳೇ ಕಡಿಮೆಯಾಗಿವೆ, ಇನ್ನು ಮಿಲ್ ಯಾಕೆ ಎಂದು ಮಂಜುನಾಥ ಅಕ್ಕನಿಗೆ ಹೇಳುತ್ತಿದ್ದ ಮಾತು ಸುಳ್ಳಲ್ಲ. ಆದರೂ ಮಿಲ್ಲಿನ ಗೇಟಿನಲ್ಲಿ ಬೂಸಾಕ್ಕಾಗಿ ಬಂದ ಇಬ್ಬರು ಮೂವರು ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದರು.

ಜಯಮ್ಮ ಮಜ್ಜಿಗೆ ಕೊಟ್ಟರು. ಮಿಲ್ಲಿನ ಯಂತ್ರ ನೋಡಿಕೊಳ್ಳುವ ಕೆಂಪಣ್ಣ ದೂರದ ಕಂಬಕ್ಕೆ ಒರಗಿ ನಿಂತಿದ್ದ. ಯಾವಾಗಲೂ ಎದುರಿಗೆ ಬಂದು ನಮಸ್ಕಾರ ಹೇಳುವವನು ಅಂದು ಹತ್ತಿರ ಬರಲಿಲ್ಲ. ಪ್ಯಾನಲ್ ತೆರೆದೆ. ಒಳಗೆ ಒಂದು ಚೂರು ಧೂಳಿಲ್ಲ. ಪಿಎಲ್‌ಸಿಗೆ ಗಂಧ, ಕುಂಕುಮ. ಕೋಪ್ರೊಸೆಸರ್ ಕಾರ್ಡನ್ನು ಎಳೆದು ನೋಡಿದರೆ ಸೆಲ್ಲು ಇರಬೇಕಾದ ಜಾಗ ಖಾಲಿ. ಆ ಕಾರ್ಡಿಗೆ ಕಲಿಸಿದ್ದೆಲ್ಲ ನೆನಪಿನಲ್ಲಿ ಉಳಿಯುವುದು ಆ ಪುಟ್ಟ ಸೆಲ್ಲಿನ ಬಲದಿಂದ. ಮೈನ್ ಆರಿಸಿದಾಗಲೂ ಅದು ಎಚ್ಚರವಾಗಿರಬೇಕು, ಇಲ್ಲದಿದ್ದರೆ ಕಲಿತದ್ದೆಲ್ಲ ಅಳಿಸಿಹೋಗುತ್ತದೆ.

"ಕೆಂಪಣ್ಣ, ಇದರ ಸೆಲ್ ಎಲ್ಲಿ?" ಎಂದೆ.

ಅವನು ಒಳಗೆ ಹೋಗಿ ದೇವರ ಗೂಡಿನಿಂದ ಒಂದು ಸ್ಟೀಲಿನ ಬಟ್ಟಲು ತಂದ. ಅದರಲ್ಲಿ ಅಕ್ಷತೆಯ ಮೇಲೆ ಸೆಲ್ಲು ಕೂತಿತ್ತು. ಅದಕ್ಕೂ ಒಂದು ಬೊಟ್ಟು, ಒಂದು ಎಸಳು ಸೇವಂತಿಗೆ.

"ಆಯುಧಪೂಜೆ ದಿನ ಯಾವ್ದ್ರಾಗೂ ಕರೆಂಟ್ ಓಡ್ಬಾರ್ದು ಅಂತ ದೊಡ್ಡ ಯಜಮಾನ್ರು ಏಳ್ತಿದ್ರು ಅಮ್ಮ" ಎಂದ ಕೆಂಪಣ್ಣ. "ಮೈನ್ ಆಫ್ ಮಾಡಿದ್ರೂ ಇದ್ರೊಳಗೆ ಸೆಲ್ ಐತಲ್ಲ, ಇದೊಂದು ದುಡೀತಾನೇ ಇರ್ತದೆ. ಇಷ್ಟು ವರ್ಸ ನಾನು ಅದನ್ನ ನೋಡೇ ಇರ್ಲಿಲ್ಲ. ಇದೇ ಕೊನೇ ಪೂಜೆ ಅಂತ ಚಿಕ್ಕ ಯಜಮಾನ್ರು ಅಂದ್ರು. ಅದ್ಕೇ ಈ ಸಲ ಒಂದನ್ನೂ ಬಿಡ್ದಂಗೆ ಒರೆಸ್ದೆ. ಇದಕ್ಕೂ ಒಂದಿನ ರಜ ಸಿಗ್ಲಿ ಅಂತ ಇಂಗೆ ಮಾಡ್ಬಿಟ್ಟೆ."

ನನಗೆ ಬೈಯಬೇಕೆನಿಸಿತು. ಅಳು ಬರುವ ಹಾಗಾಯಿತು, ನಗುವೂ ಬಂತು. ಯಂತ್ರಗಳ ನಡುವೆಯೇ ಬದುಕಿದವಳು ನಾನು. ಒಂದು ಸೆಲ್ಲಿಗೆ ರಜೆ ಕೊಟ್ಟ ಮನುಷ್ಯನನ್ನು ಅಂದೇ ನೋಡಿದ್ದು. ಜಯಮ್ಮ ಮಾತ್ರ ಹಣೆ ಹಿಡಿದುಕೊಂಡು ಮೂಟೆಯ ಮೇಲೆ ಕೂತುಬಿಟ್ಟರು. "ಈಗ ಏನ್ ಮಾಡೋದು ಮೇಡಂ?" ಎಂದರು. "ಮತ್ತೆ ಬರಿಯೋದು" ಎಂದೆ. ಧೈರ್ಯವಾಗಿಯೇ ಹೇಳಿದೆ. ಒಳಗೆ ಅಷ್ಟು ಧೈರ್ಯವಿರಲಿಲ್ಲ.

ಕಾರ್ಡು ಕೆಟ್ಟಿರಲಿಲ್ಲ, ಬರಿದಾಗಿತ್ತು ಅಷ್ಟೆ. ಹೊಸ ಸೆಲ್ಲು ಕೂರಿಸಿ, ಕೇಬಲ್ಲು ಸಿಕ್ಕಿಸಿ, ಹತ್ತು, ಇಪ್ಪತ್ತು, ಮೂವತ್ತು ಎಂದು ಸಾಲುಗಳಿಗೆ ನಂಬರು ಕೊಟ್ಟು ಬರೆಯುವ ಹಳೇ ಬೇಸಿಕ್ ಭಾಷೆಯಲ್ಲಿ ಶುರುಮಾಡಿದೆ. ಯಾವುದು ಎಷ್ಟು ಬೀಳಬೇಕು ಎಂಬುದನ್ನು ಜಯಮ್ಮ ಪಕ್ಕದಲ್ಲಿ ಕೂತು ಹೇಳಿದರು: ಮೆಕ್ಕೆಜೋಳ, ಗೋಧಿ ಬೂಸಾ, ಕಡಲೆಕಾಯಿ ಹಿಂಡಿ, ತೌಡು. ನಡುವೆ ಅವರ ಮನೆಯಿಂದ ಮುದ್ದೆ, ಹುರುಳಿಕಾಳಿನ ಸಾರು ಬಂತು. ಸಾರು ಖಾರವಾಗಿತ್ತು, ಆದರೆ ಆ ರುಚಿಗೆ ಮುದ್ದೆ ತಾನಾಗಿ ಜಾರಿತು. ಕೆಂಪಣ್ಣ ಊಟ ಬೇಡವೆಂದ. ಜಯಮ್ಮ ತಟ್ಟೆಯನ್ನು ಅವನ ಕೈಗಿಟ್ಟು, "ಮಿಷನ್‌ಗೆ ರಜ ಕೊಟ್ಟೆ, ಹೊಟ್ಟೆಗೂ ಕೊಡ್ಬೇಡ" ಎಂದರು. ಅವನು ಕೂತು ಉಂಡ.

ಕಷ್ಟವಿದ್ದದ್ದು ಲೆಕ್ಕದಲ್ಲಲ್ಲ, ಗಾಳಿಯಲ್ಲಿ. ತೂಕ ಸರಿಯಾಯಿತೆಂದು ಬಾಗಿಲು ಮುಚ್ಚಿದರೂ ಮೇಲಿನಿಂದ ಬೀಳುತ್ತಿರುವ ಕಾಳು ಬೀಳುತ್ತಲೇ ಇರುತ್ತದೆ. ಅದಕ್ಕೆ ಸ್ವಲ್ಪ ಮುಂಚೆಯೇ ಮುಚ್ಚಬೇಕು. ಎಷ್ಟು ಮುಂಚೆ ಎಂಬುದು ಜೋಳಕ್ಕೆ ಬೇರೆ, ಹಗುರ ಬೂಸಾಕ್ಕೆ ಬೇರೆ. ಹಿಂದೆ ಇದನ್ನು ಕಾರ್ಡು ತಾನೇ ಗಮನಿಸುತ್ತ ವರ್ಷಗಟ್ಟಲೆ ತಿದ್ದಿಕೊಂಡಿತ್ತು. ಈಗ ಅದು ಒಂದನೇ ಕ್ಲಾಸಿನ ಮಗು.

ಮೊದಲ ಸಲ ಜೋಳ ಹೆಚ್ಚು ಸುರಿಯಿತು. ಎರಡನೇ ಸಲ ಜೋಳ ಸರಿಯಾಯಿತು, ಬೂಸಾ ಕಡಿಮೆ ಬಿತ್ತು. ಪ್ರತಿ ಸಲವೂ ಕೆಂಪಣ್ಣ ಸುರಿದದ್ದನ್ನು ಮೂಟೆಗೆ ತುಂಬಿ ಮತ್ತೆ ಮೇಲೆ ಹತ್ತಿಸಿದ. ಬೆವರು ಸುರಿಯುತ್ತಿದ್ದರೂ ನಿಲ್ಲಿಸಲಿಲ್ಲ. ಮಂಜುನಾಥನ ಕಾರು ಗೇಟಿನೊಳಗೆ ಬಂದಾಗ ಬಿಸಿಲು ಇಳಿಯುತ್ತಿತ್ತು, ನಮಗಿನ್ನೂ ತೌಡಿನ ಅಳತೆ ಕೈಗೆ ಹತ್ತಿರಲಿಲ್ಲ.

ಅವನು ಕೆಟ್ಟವನಲ್ಲ. ನನಗೆಂದು ಎಳನೀರು ತಂದಿದ್ದ. "ಮೇಡಂ, ನಿಮ್ಗೆ ಸುಮ್ನೆ ತೊಂದ್ರೆ ಆಯ್ತು. ಅಕ್ಕನ ವಯಸ್ಸಲ್ಲಿ ಈ ಧೂಳು ಕುಡಿಯೋದು ಬೇಕಾ ಹೇಳಿ" ಎಂದ. ಜಯಮ್ಮ ಅವನ ಕಡೆ ನೋಡಲೇ ಇಲ್ಲ. "ಕತ್ತಲಾಗಿಲ್ಲವಲ್ಲ ಇನ್ನೂ" ಎಂದರು. ನಾನು ಒಂದು ಸಾಲು ತಿದ್ದಿ ತಲೆಯಾಡಿಸಿದೆ. ಕೆಂಪಣ್ಣ ಗುಂಡಿ ಒತ್ತಿದ.

ಜೋಳ ಬಿತ್ತು, ನಿಂತಿತು. ಬೂಸಾ ಬಿತ್ತು, ನಿಂತಿತು. ಹಿಂಡಿ. ಕೊನೆಗೆ ತೌಡಿನ ಬಾಗಿಲು ಮುಚ್ಚಿ, ಗಾಳಿಯಲ್ಲಿದ್ದದ್ದು ಮೆಲ್ಲಗೆ ಇಳಿದು, ತೂಕದ ಅಂಕಿ ಇರಬೇಕಾದಲ್ಲೇ ಬಂದು ನಿಂತಿತು. ಮಿಕ್ಸರ್ ತಿರುಗತೊಡಗಿತು. ಹೊರಗೆ ಕಾಯುತ್ತಿದ್ದವರು ಸದ್ದು ಕೇಳಿ ಖಾಲಿ ಚೀಲ ಹಿಡಿದು ಒಳಗೆ ಬಂದರು. ಮಂಜುನಾಥ ಕೆಳಗೆ ಬಂದ ಆಹಾರವನ್ನು ಒಂದು ಹಿಡಿ ತೆಗೆದುಕೊಂಡು ಮೂಸಿದ, ಕೈ ಕೊಡವಿದ, ಹೊರಗೆ ಹೋದ. ಅವನ ಮನಸ್ಸಿನಲ್ಲೇನಿದೆಯೆಂದು ನನಗೆ ತಿಳಿಯಲಿಲ್ಲ. ಮಾತು ಕೊಟ್ಟವರು ಅದನ್ನು ನುಂಗುವುದೂ ಉಂಟು.

ಪ್ರೋಗ್ರಾಮನ್ನು ಲ್ಯಾಪ್‌ಟಾಪಿನಲ್ಲೂ ಪೆನ್‌ಡ್ರೈವಿನಲ್ಲೂ ಇಟ್ಟು, ಸಾದಿಕ್ ಭಾಯ್ ಕೊಟ್ಟಿದ್ದ ಕಾರ್ಡನ್ನು ಮತ್ತೆ ಟವೆಲಿನಲ್ಲಿ ಸುತ್ತಿದೆ. ಯಲಹಂಕದವರೆಗೆ ತಾನೇ ಬಿಡುತ್ತೇನೆಂದು ಮಂಜುನಾಥ ಕಾರು ತಿರುಗಿಸಿದ. ಜಯಮ್ಮ ಗೇಟಿನವರೆಗೆ ಬಂದರು. ನನ್ನ ಕೈ ಹಿಡಿದರು. ಗೇಟು ತೆಗೆಯಲು ಬಂದ ಕೆಂಪಣ್ಣನನ್ನು ನೋಡಿ ಮಂಜುನಾಥ ಕಿಟಕಿಯ ಗಾಜು ಇಳಿಸಿದ.

"ಲೋ ಕೆಂಪಣ್ಣ, ಮುಂದಿನ್ ಹಬ್ಬಕ್ಕೆ ಆ ಕಾರ್ಡಿನ ತಂಟೆಗೇನಾದ್ರೂ ಹೋದ್ರೆ ನೋಡ್ಕೋ. ಕುಂಕುಮ ಮಾತ್ರ ಇಡು, ಸಾಕು."

ಕೆಂಪಣ್ಣ ತಲೆಯಾಡಿಸಿದ. ಜಯಮ್ಮ ಕಾರಿನ ಕಡೆ ಒಂದು ಹೆಜ್ಜೆ ಬಂದರು.

"ಏನಂದೆ ಮಂಜು?"

"ಮುಂದಿನ್ ಹಬ್ಬಕ್ಕೆ ಸೆಲ್ ಮುಟ್ಬೇಡ ಅಂದೆ ಅಕ್ಕ. ಯಾಕೆ?"

"ಏನಿಲ್ಲ. ಮಿಲ್ ಸದ್ದಿಗೆ ಕೇಳಿಸ್ಲಿಲ್ಲ."

ಕೇಳಿಸಿತ್ತು. ನಾನು ಪಕ್ಕದಲ್ಲೇ ಇದ್ದೆ, ಅವರ ಮುಖ ನೋಡಿದ್ದೆ. ತಮ್ಮನ ಬಾಯಿಂದ ಮುಂದಿನ ಹಬ್ಬ ಎಂಬ ಮಾತನ್ನು ಇನ್ನೊಂದು ಸಲ ಕೇಳಬೇಕಿತ್ತು, ಅಷ್ಟೆ. ಕಾರು ರಸ್ತೆಗೆ ಹತ್ತಿದ ಮೇಲೆ ತಿರುಗಿ ನೋಡಿದೆ. ಜಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೇಟಿನಲ್ಲೇ ನಿಂತಿದ್ದರು. ಅವರ ಹಿಂದೆ ಕೆಂಪಣ್ಣ ಮೊದಲ ಗಾಡಿಗೆ ಮೂಟೆ ಹೇರುತ್ತಿದ್ದ.